ಮೂಲನಿವಾಸಿ ಶಿಕ್ಷಕ ಶಿಕ್ಷಣ

ಮೂಲನಿವಾಸಿ ಸಮುದಾಯಗಳ ಭಾಷೆ, ಚರಿತ್ರೆ ಮತ್ತು ತಿಳಿವಳಿಕೆಗಳನ್ನು ತಳಹದಿಯಾಗಿಟ್ಟುಕೊಂಡು ಶಾಲಾ ಶಿಕ್ಷಕರನ್ನು ತಯಾರು ಮಾಡುವ ಕಾರ್ಯಕ್ರಮಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಇಂದಿನ ರೂಪದಲ್ಲಿ ಇವು ಬೆಳೆದದ್ದು 1970ರ ದಶಕದಿಂದೀಚೆಗೆ. ಕೆನಡಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ನಾರ್ವೆ, ಫಿನ್‌ಲೆಂಡ್, ಹವಾಯಿ, ಪೆರು, ಬೊಲಿವಿಯಾಗಳು ಮುಖ್ಯ ನೆಲೆಗಳು. ಇವುಗಳಲ್ಲಿ ಎರಡು ಬಗೆ ಇವೆ. ಸಮುದಾಯದೊಳಗಿನವರನ್ನೇ ಶಿಕ್ಷಕರನ್ನಾಗಿ ಮಾಡುವುದು ಒಂದು. ಹೊರಗಿನಿಂದ ಬರುವ ಶಿಕ್ಷಕರಿಗೆ ಆ ಸಮುದಾಯದ ಬಗ್ಗೆ ತಿಳಿಸಿಕೊಡುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಕಡಿಮೆ, ಒಂದು ಸೆಮಿಸ್ಟರಿನಲ್ಲಿ ಮುಗಿದುಹೋಗುತ್ತದೆ, ಆದ್ದರಿಂದ ಸರ್ಕಾರಗಳಿಗೆ ಅದೇ ಇಷ್ಟ. ಶಾಲೆಯ ಒಳಗನ್ನು ಬದಲಿಸಿದ್ದು ಮಾತ್ರ ಬಹುಮಟ್ಟಿಗೆ ಮೊದಲನೆಯದು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಸರ್ಕಾರಗಳು ಮೂಲನಿವಾಸಿ ಮಕ್ಕಳಿಗಾಗಿ ನಡೆಸಿದ ಶಾಲೆಗಳ ಗುರಿ ಆ ಮಕ್ಕಳ ಮನೆಮಾತನ್ನು ಬಿಡಿಸುವುದಾಗಿತ್ತು. ಆ ಕೆಲಸ ನಡೆದದ್ದು ಮೇಷ್ಟರ ಕೈಯಿಂದಲೇ. ನ್ಯೂಜಿಲೆಂಡಿನ 1867ರ ಕಾಯಿದೆ ಮಾವೊರಿ ಹಳ್ಳಿಗಳ ಶಾಲೆಗಳಲ್ಲಿ ಇಂಗ್ಲಿಷನ್ನು ಬೋಧನಾ ಭಾಷೆಯಾಗಿ ಹೇರಿತು. ಹವಾಯಿಯಲ್ಲಿ ಅರಸೊತ್ತಿಗೆಯನ್ನು ಉರುಳಿಸಿದವರು 1896ರಲ್ಲಿ ಅದನ್ನೇ ಮಾಡಿದರು. ಕೆನಡಾದ ವಸತಿಶಾಲೆಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದವು. ಇವುಗಳಲ್ಲಿ ಕೊನೆಯದು ಮುಚ್ಚಿದ್ದು 1990ರ ದಶಕದ ಉತ್ತರಾರ್ಧದಲ್ಲಿ.

ನಾರ್ವೆಯ ಕಥೆ ಶಿಕ್ಷಕ ತರಬೇತಿಗೆ ನೇರವಾಗಿ ಸಂಬಂಧಿಸಿದ್ದು. ದೇಶದ ಉತ್ತರ ಭಾಗದಲ್ಲಿ ಟ್ರೊಂಡೆನೆಸ್ ಎಂಬಲ್ಲಿ 1826ರಲ್ಲಿ ತೆರೆದು, 1848ರಲ್ಲಿ ಟ್ರೊಮ್ಸೊ ಪಟ್ಟಣಕ್ಕೆ ವರ್ಗವಾದ ಶಿಕ್ಷಕರ ಶಾಲೆಯಲ್ಲಿ ಆ ಭಾಗದ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯನ್ನು ಕಲಿಸುತ್ತಿದ್ದರು. ಸಾಮಿ ನಾಡಿಗೆ ಹೋಗುವ ಮೇಷ್ಟರಿಗೆ ಅದು ಬೇಕೆಂಬ ತಿಳಿವಳಿಕೆ ಇತ್ತು. ಶತಮಾನದ ನಡುವೆ ಗಾಳಿ ತಿರುಗಿತು. 1851ರಲ್ಲಿ ಸಂಸತ್ತು ನಾರ್ವೇಜಿಯನ್ ಭಾಷೆಯನ್ನು ಹರಡಲೆಂದೇ ಒಂದು ನಿಧಿಯನ್ನು ತೆಗೆದಿರಿಸಿತು. ಸಾಮಿ ಮಕ್ಕಳಿಗೆ ನಾರ್ವೇಜಿಯನ್ ಕಲಿಸಿ ಫಲ ತೋರಿಸಿದ ಶಿಕ್ಷಕರಿಗೆ ಆ ನಿಧಿಯಿಂದ ಹೆಚ್ಚುವರಿ ಸಂಬಳ ಸಿಗುತ್ತಿತ್ತು. 1880ರ ಮತ್ತು 1898ರ ಸುತ್ತೋಲೆಗಳು ತರಗತಿಯಲ್ಲಿ ಸಾಮಿ ಬಳಕೆಯನ್ನು ಇನ್ನಷ್ಟು ಕಿರಿದುಗೊಳಿಸಿದವು. ಒಂದು ಭಾಷೆಯನ್ನು ಶಾಲೆಯಿಂದ ಹೊರಹಾಕಲು ಶಿಕ್ಷಕರ ಸಂಬಳದ ಪಟ್ಟಿಯೇ ಸಾಕಾಯಿತು.

ಕೆನಡಾ

1972ರಲ್ಲಿ ಅಲ್ಲಿನ ರಾಷ್ಟ್ರೀಯ ಇಂಡಿಯನ್ ಸಂಘಟನೆ ‘ಇಂಡಿಯನ್ ಕಂಟ್ರೋಲ್ ಆಫ್ ಇಂಡಿಯನ್ ಎಜುಕೇಷನ್’ ಎಂಬ ನೀತಿಪತ್ರ ಹೊರಡಿಸಿತು. ಪಾಲಕರ ಹೊಣೆ ಮತ್ತು ಸ್ಥಳೀಯ ಹಿಡಿತ ಎಂಬ ಎರಡು ತತ್ತ್ವಗಳ ಮೇಲೆ ನಿಂತ ಈ ಪತ್ರವನ್ನು ಒಕ್ಕೂಟ ಸರ್ಕಾರ ಮರುವರ್ಷ ಒಪ್ಪಿಕೊಂಡಿತು. ಶಾಲೆ ನಮ್ಮ ಕೈಗೆ ಬರಲಿ ಎಂದ ಮೇಲೆ ಪಾಠ ಮಾಡುವವರು ಯಾರು ಎಂಬ ಪ್ರಶ್ನೆ ಎದ್ದೇ ಏಳುತ್ತದೆ. ಸಸ್ಕಾಚೆವನ್ ವಿಶ್ವವಿದ್ಯಾಲಯ ಅದೇ ವರ್ಷಗಳಲ್ಲಿ ಒಂದು ಕಾರ್ಯಕ್ರಮ ಆರಂಭಿಸಿತು. 1974ರಲ್ಲಿ ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನೈಟೆಪ್ ಎಂಬ ಮೊದಲಕ್ಷರಗಳ ಹೆಸರಿನಿಂದ ಪ್ರಸಿದ್ಧವಾದ ಬಿ.ಎಡ್. ಕಾರ್ಯಕ್ರಮ ತೊಡಗಿತು.

ನೈಟೆಪ್‌ನ ಹೊಸತನ ಪಠ್ಯಕ್ಕಿಂತ ಹೆಚ್ಚಾಗಿ ಜಾಗದಲ್ಲಿತ್ತು. ವಿದ್ಯಾರ್ಥಿಗಳು ಮೊದಲ ವರ್ಷಗಳನ್ನು ತಮ್ಮ ಊರಿಗೆ ಹತ್ತಿರದ ಕ್ಷೇತ್ರ ಕೇಂದ್ರದಲ್ಲೇ ಕಳೆಯುತ್ತಾರೆ. ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ಕ್ಯಾಮ್‌ಲೂಪ್ಸ್ ಅಂಥದೊಂದು ಕೇಂದ್ರವಾಗಿತ್ತು. ಅಲ್ಲಿ ಒಬ್ಬ ಸಂಯೋಜಕರಿರುತ್ತಾರೆ, ಹತ್ತಿರದ ಕಾಲೇಜಿನ ತರಗತಿಗಳಿರುತ್ತವೆ. ಮೊದಲ ವರ್ಷದಿಂದಲೇ ಸ್ಥಳೀಯ ಶಾಲೆಗಳಲ್ಲಿ ಪ್ರಾಯೋಗಿಕ ಪಾಠ ಶುರುವಾಗುತ್ತದೆ. ಊರಿನ ಹಿರಿಯರು ಬಂದು ಕಲಿಸುತ್ತಾರೆ. ಮಹಾನಗರದ ವಿಶ್ವವಿದ್ಯಾಲಯಕ್ಕೆ ಹೋಗುವುದು ಆಮೇಲೆ, ಒಂದೇ ತಂಡವಾಗಿ. ಈ ಏರ್ಪಾಟಿನ ಹಿಂದೆ ಗಟ್ಟಿ ಅನುಭವವಿದೆ. ಹದಿನೆಂಟು ವರ್ಷಕ್ಕೆ ಸಾವಿರ ಕಿಲೋಮೀಟರ್ ದೂರದ ನಗರಕ್ಕೆ ಒಂಟಿಯಾಗಿ ಬರುವ ಹುಡುಗಿ ಅರ್ಧಕ್ಕೇ ಬಿಟ್ಟುಹೋಗುವ ಸಂಭವ ಹೆಚ್ಚು. ಪುಟ್ಟ ಮಕ್ಕಳಿರುವ ತಾಯಿ, ಶಾಲೆಯಲ್ಲಿ ಸಹಾಯಕಿಯಾಗಿ ಈಗಾಗಲೇ ಹತ್ತು ವರ್ಷ ದುಡಿದವಳು, ಅಷ್ಟು ದೂರ ಹೊರಡುವುದೇ ಇಲ್ಲ. ಒಳ್ಳೆಯ ಶಿಕ್ಷಕಿಯಾಗಬಲ್ಲವಳು ಅನೇಕ ಸಲ ಆಕೆಯೇ.

ಈ ಕಾರ್ಯಕ್ರಮವನ್ನು 1980ರ ದಶಕದಲ್ಲಿ ಮುನ್ನಡೆಸಿದವರು ಮ್ಯಾನಿಟೋಬದ ಫಿಶರ್ ರಿವರ್ ಪ್ರದೇಶದ ಕ್ರೀ ಮಹಿಳೆ ವರ್ನಾ ಕರ್ಕ್‌ನೆಸ್. ಸ್ವತಃ ಶಾಲಾ ಶಿಕ್ಷಕಿಯಾಗಿದ್ದ ಅವರು 1972ರ ನೀತಿಪತ್ರ ರೂಪಿಸುವುದರಲ್ಲೂ ಕೈಜೋಡಿಸಿದ್ದರು. 1991ರಲ್ಲಿ ಅಲಾಸ್ಕದ ರೇ ಬಾರ್ನ್‌ಹಾರ್ಟ್ ಜೊತೆ ಅವರು ಬರೆದ ಲೇಖನ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲೊಂದು. ವಿಶ್ವವಿದ್ಯಾಲಯಗಳು ಮೂಲನಿವಾಸಿ ವಿದ್ಯಾರ್ಥಿಗಳ ‘ವೈಫಲ್ಯ’ವನ್ನು ಲೆಕ್ಕ ಹಾಕುತ್ತಾ ಕೂರುವ ಬದಲು ತಾವು ಅವರಿಗೆ ಕೊಡುವ ಗೌರವ, ಪ್ರಸ್ತುತತೆ, ಕೊಡುಕೊಳ್ಳುವಿಕೆ ಮತ್ತು ಹೊಣೆಗಾರಿಕೆಯನ್ನು ಲೆಕ್ಕ ಹಾಕಲಿ ಎಂಬುದು ಅದರ ವಾದ. 1993ರಲ್ಲಿ ನೈಟೆಪ್ ನಡೆಯುವ ವಿಶ್ವವಿದ್ಯಾಲಯದ ಆವರಣದಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳ ಕೂಡುಮನೆಯಾಗಿ ದೇವದಾರು ಮರದ ದೊಡ್ಡ ತೊಲೆಗಳ ‘ಲಾಂಗ್‌ಹೌಸ್’ ತೆರೆಯಿತು. ಕರ್ಕ್‌ನೆಸ್ ಅವರ ನಂತರ ನೈಟೆಪ್ ನಡೆಸಿದವರಲ್ಲಿ ಸ್ಟೋಲೊ ಸಮುದಾಯದ ಜೋ-ಆನ್ ಆರ್ಚಿಬಾಲ್ಡ್ ಮುಖ್ಯರು. ಹಿರಿಯರ ಕಥೆಗಳನ್ನು ಅವರ ಅನುಮತಿಯಿಲ್ಲದೆ ಪಠ್ಯಕ್ಕೆ ಎತ್ತಿಕೊಳ್ಳಕೂಡದು, ಯಾವ ಕಥೆಯನ್ನು ಯಾರು ಯಾವಾಗ ಹೇಳಬೇಕೆಂಬ ಮರ್ಯಾದೆಯೂ ಶಿಕ್ಷಕ ಕಲಿಯಬೇಕಾದ ವಿದ್ಯೆಯೇ ಎಂಬುದನ್ನು 2008ರ ತಮ್ಮ ಗ್ರಂಥದಲ್ಲಿ ಅವರು ವಿವರವಾಗಿ ಪ್ರತಿಪಾದಿಸಿದರು.

ಇದೇ ಮಾದರಿ ಬೇರೆಡೆಯೂ ಹಬ್ಬಿತು. ಸಸ್ಕಾಚೆವನ್‌ನಲ್ಲಿ ಮೆಟಿ ಜನರಿಗಾಗಿ ಗೇಬ್ರಿಯಲ್ ಡ್ಯುಮಾಂಟ್ ಸಂಸ್ಥೆ 1980ರಲ್ಲಿ ತನ್ನ ಕಾರ್ಯಕ್ರಮ ತೆರೆಯಿತು. ಉತ್ತರ ಧ್ರುವದತ್ತಣ ಇನುಯಿಟ್ ಊರುಗಳಿಗಾಗಿ ಇಕಲುಯಿಟ್‌ನಲ್ಲಿ 1970ರ ದಶಕದ ಕೊನೆಗೆ ಶುರುವಾದ ತರಬೇತಿಗೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಬೆಂಬಲ ಕೊಟ್ಟಿತು. ಇನುಯಿಟ್ ಪ್ರದೇಶದ ಮುಂದಿನ ಅನುಭವ ಗಮನಿಸುವಂಥದು. ನುನಾವುಟ್ ಪ್ರದೇಶದ 2008ರ ಶಿಕ್ಷಣ ಕಾಯಿದೆ ಎಲ್ಲ ತರಗತಿಗಳಿಗೂ 2019–20ರೊಳಗೆ ಇನುಯಿಟ್ ಭಾಷೆ ಮತ್ತು ಇಂಗ್ಲಿಷ್ ಎರಡರಲ್ಲೂ ಶಿಕ್ಷಣ ಕೊಡುವುದಾಗಿ ಮಾತು ಕೊಟ್ಟಿತ್ತು. ಕಲಿಸಬಲ್ಲ ಶಿಕ್ಷಕರಿರಲಿಲ್ಲ. 2020ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು ಗಡುವನ್ನು 2039ಕ್ಕೆ ತಳ್ಳಿದರು.

ಎರಡನೆಯ ಬಗೆಯ ಕಾರ್ಯಕ್ರಮಗಳಿಗೆ ಕೆನಡಾದಲ್ಲಿ ಬಲ ಬಂದದ್ದು ವಸತಿಶಾಲೆಗಳ ಬಗ್ಗೆ ತನಿಖೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ 2015ರ ವರದಿಯಿಂದ. ಅದರ 94 ಕರೆಗಳಲ್ಲಿ 62ನೆಯದು ವಸತಿಶಾಲೆಗಳ ಚರಿತ್ರೆ ಎಲ್ಲ ಮಕ್ಕಳ ಪಠ್ಯವಾಗಬೇಕು, ಶಿಕ್ಷಕರಿಗೆ ಮೂಲನಿವಾಸಿ ಜ್ಞಾನವನ್ನೂ ಬೋಧನ ಕ್ರಮಗಳನ್ನೂ ಕಲಿಸಲು ವಿಶ್ವವಿದ್ಯಾಲಯಗಳಿಗೆ ಹಣ ಕೊಡಬೇಕು ಎಂದಿತು. ವ್ಯಾಂಕೂವರಿನ ಬಿ.ಎಡ್.ನಲ್ಲಿ ಅದಕ್ಕೂ ಮೊದಲೇ ಇಂಥದೊಂದು ಪತ್ರಿಕೆ ಕಡ್ಡಾಯವಾಗಿತ್ತು. 2019ರಲ್ಲಿ ಬ್ರಿಟಿಷ್ ಕೊಲಂಬಿಯಾದ ಶಿಕ್ಷಕರ ವೃತ್ತಿ ಮಾನದಂಡಗಳಿಗೆ ಒಂಬತ್ತನೆಯದೊಂದು ಸೇರಿತು. ಮೂಲನಿವಾಸಿಗಳ ಚರಿತ್ರೆಯನ್ನು ಗೌರವಿಸುವುದು, ಸತ್ಯ ಮತ್ತು ಸಾಮರಸ್ಯಕ್ಕೆ ದುಡಿಯುವುದು ಈಗ ಅಲ್ಲಿನ ಪ್ರತಿ ಶಿಕ್ಷಕರ ವೃತ್ತಿಧರ್ಮ. ವಲಸೆ ಬಂದ ಭಾರತೀಯ ಮೂಲದ ಶಿಕ್ಷಕರೂ, ಅವರಲ್ಲಿರುವ ಕನ್ನಡಿಗರೂ, ಇದಕ್ಕೆ ಹೊರತಲ್ಲ. ಒಂದೇ ಕೋರ್ಸಿನಿಂದ ಬಂದ ತಿಳಿವಳಿಕೆ ತರಗತಿಗೆ ಹೋದಾಗ ಹೆದರಿಕೆಯಾಗಿ ಮಾರ್ಪಡುವುದೂ ಉಂಟು. ತಪ್ಪು ಮಾತಾಡಿಬಿಟ್ಟೇನು ಎಂದು ವಿಷಯವನ್ನೇ ಬಿಟ್ಟುಬಿಡುವ ಶಿಕ್ಷಕರ ಬಗ್ಗೆ ಕೆನಡಾದ ಶಿಕ್ಷಣ ತಜ್ಞೆ ಸೂಸನ್ ಡಿಯನ್ ವಿಸ್ತಾರವಾಗಿ ಬರೆದಿದ್ದಾರೆ.

ನ್ಯೂಜಿಲೆಂಡ್

ಇಲ್ಲಿ ಶಾಲೆ ಮೊದಲು ಬಂತು, ಶಿಕ್ಷಕ ತರಬೇತಿ ಅದರ ಹಿಂದೆ ಓಡಿಬಂತು. 1972ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿಯೊಂದು ಶಾಲೆಗಳಲ್ಲಿ ಮಾವೊರಿ ಭಾಷೆ ಕಲಿಸಿ ಎಂದು ಸಂಸತ್ತಿಗೆ ಹೋಯಿತು. 1982ರಲ್ಲಿ ವೆಲಿಂಗ್ಟನ್ ಬಳಿಯ ವೈನುಯೊಮಾಟದಲ್ಲಿ ಅಜ್ಜಿಯರು ಪುಟ್ಟ ಮಕ್ಕಳೊಡನೆ ಮಾವೊರಿಯಲ್ಲೇ ದಿನ ಕಳೆಯುವ ಮೊದಲ ‘ಕೊಹಂಗಾ ರೆಒ’ ತೆರೆಯಿತು. ಆ ಮಕ್ಕಳು ಐದು ವರ್ಷ ತುಂಬಿ ಇಂಗ್ಲಿಷ್ ಶಾಲೆಗೆ ಹೋದ ಕೂಡಲೇ ಭಾಷೆ ಬಿಡುತ್ತಿದ್ದುದನ್ನು ಕಂಡು ಪಾಲಕರು 1985ರಲ್ಲಿ ಆಕ್ಲೆಂಡಿನ ಹೊಅನಿ ವೈತಿತಿ ಸಭಾಂಗಣದ ಆವರಣದಲ್ಲಿ ಮೊದಲ ಮಾವೊರಿ ಪ್ರಾಥಮಿಕ ಶಾಲೆ ನಡೆಸತೊಡಗಿದರು. ಅದಕ್ಕೆ ಸರ್ಕಾರದ ಕಾನೂನಿನ ಮನ್ನಣೆ ಸಿಕ್ಕಿದ್ದು 1989ರಲ್ಲಿ.

ಅಜ್ಜಿಯರ ತಲೆಮಾರಿಗೆ ಭಾಷೆ ಇತ್ತು, ತರಬೇತಿ ಇರಲಿಲ್ಲ. ಅವರ ಮಕ್ಕಳ ತಲೆಮಾರಿಗೆ ಪದವಿ ಇತ್ತು, ಭಾಷೆ ಇರಲಿಲ್ಲ. ಈ ಕಂದಕ ತುಂಬಲು ನಡೆದ ಪ್ರಯತ್ನಗಳಲ್ಲಿ ಅತ್ಯಂತ ಸ್ವಾರಸ್ಯಕರವಾದದ್ದು 1979ರಲ್ಲಿ ಕಾತೆರಿನಾ ಮತಾಯಿರಾ ಮತ್ತು ಙೊಯಿ ಪೆವ್ಹೈರಂಗಿ ಆರಂಭಿಸಿದ ‘ತೆ ಅತಾರಂಗಿ’. ಲೆಕ್ಕ ಕಲಿಸಲೆಂದು ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸೆನೇರ್ ರೂಪಿಸಿದ ಬಣ್ಣಬಣ್ಣದ ಮರದ ಕಡ್ಡಿಗಳು, ಅವುಗಳಿಂದಲೇ ಭಾಷೆ ಕಲಿಸಬಹುದೆಂದು ತೋರಿದ ಈಜಿಪ್ಟ್ ಸಂಜಾತ ಕೇಲೆಬ್ ಗಟ್ಟೆನ್ಯೊ ಅವರ ಪದ್ಧತಿ: ಇವೆರಡನ್ನೂ ಈ ಇಬ್ಬರು ಮಹಿಳೆಯರು ಮಾವೊರಿಗೆ ಒಗ್ಗಿಸಿಕೊಂಡರು. ತರಗತಿಯಲ್ಲಿ ಪುಸ್ತಕವಿಲ್ಲ, ಬರೆದುಕೊಳ್ಳುವಂತಿಲ್ಲ. ಕಲಿಸುವವರು ಒಂದು ಕಡ್ಡಿ ಎತ್ತಿ ಹಿಡಿದು ‘ರಾಕೌ’ ಎನ್ನುತ್ತಾರೆ. ಆಮೇಲೆ ಕೆಂಪು ಕಡ್ಡಿ, ಹಸಿರು ಕಡ್ಡಿ, ಉದ್ದದ್ದು, ಗಿಡ್ಡದ್ದು. ಕಡ್ಡಿಯನ್ನು ಎತ್ತಿಕೋ, ಅವನಿಗೆ ಕೊಡು, ಇದರ ಮೇಲೆ ಅದನ್ನಿಡು. ಹೀಗೆ ವಾಕ್ಯ ಬೆಳೆಯುತ್ತದೆ. ನಿಯಮಗಳು ಕೆಲವೇ. ಇಂಗ್ಲಿಷ್ ಆಡಕೂಡದು. ಪಕ್ಕದವನು ತಡವರಿಸಿದರೆ ಉತ್ತರ ಹೇಳಿಕೊಡಕೂಡದು, ಕಾಯಬೇಕು. ತಮ್ಮ ತಾಯಿಭಾಷೆ ಬರುವುದಿಲ್ಲವೆಂದು ನಾಚಿಕೊಂಡಿದ್ದ ದೊಡ್ಡವರಿಗೆ ಈ ಕಾಯುವಿಕೆಯೇ ದೊಡ್ಡ ಉಪಕಾರವಾಯಿತು. ಇಲ್ಲಿ ಮಾತು ಕಲಿತವರಲ್ಲಿ ಎಷ್ಟೋ ಜನ ಮುಂದೆ ಶಿಕ್ಷಕರಾದರು.

ಮಾವೊರಿಗಳದೇ ಉನ್ನತ ಶಿಕ್ಷಣ ಸಂಸ್ಥೆಗಳಾದ ‘ವಾನಂಗ’ಗಳು ಈಗ ಶಿಕ್ಷಕ ಪದವಿಗಳನ್ನು ಕೊಡುತ್ತವೆ. 1981ರಲ್ಲಿ ಓತಕಿಯಲ್ಲಿ ತೊಡಗಿದ ರೌಕಾವ ಇವುಗಳಲ್ಲಿ ಹಳೆಯದು. ಸಾಮಾನ್ಯ ಶಾಲೆಗಳ ಶಿಕ್ಷಕರಿಗಾಗಿ ವೈಕಾಟೊ ವಿಶ್ವವಿದ್ಯಾಲಯದ ರಸೆಲ್ ಬಿಷಪ್ 2001ರಿಂದ ನಡೆಸಿದ ‘ತೆ ಕೊಟಹಿತಂಗ’ ಯೋಜನೆ ಬೇರೆ ದಾರಿ ಹಿಡಿಯಿತು. ಅದು ಮೊದಲು ಮಾವೊರಿ ವಿದ್ಯಾರ್ಥಿಗಳನ್ನೇ ಕೂರಿಸಿಕೊಂಡು ನೀವು ಹಿಂದೆ ಬೀಳುವುದು ಏಕೆ ಎಂದು ಕೇಳಿತು. ಶಿಕ್ಷಕರು ಮನೆಯ ಬಡತನವನ್ನು ತೋರಿಸಿದರೆ ಮಕ್ಕಳು ಶಿಕ್ಷಕರು ತಮ್ಮೊಡನೆ ನಡೆದುಕೊಳ್ಳುವ ರೀತಿಯನ್ನು ತೋರಿಸಿದರು. ಅಲ್ಲಿನ ತರಬೇತಿ ಈ ಮಾತುಗಳನ್ನು ಶಿಕ್ಷಕರಿಗೆ ಓದಿಸುವುದರಿಂದಲೇ ಆರಂಭವಾಗುತ್ತಿತ್ತು.

ಇತರ ನೆಲೆಗಳು

ಆಸ್ಟ್ರೇಲಿಯಾದ ಉತ್ತರ ತುದಿಯ ಯಿರ್ಕಾಲದಲ್ಲಿ ಯೊಲ್ಂಗು ಜನರು ಶಿಕ್ಷಣಕ್ಕೆ ತಮ್ಮದೇ ತತ್ತ್ವವೊಂದನ್ನು ಮುಂದಿಟ್ಟರು. ಹೊಳೆಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಕೂಡುವ ಜಾಗದಂತೆ ಎರಡು ಜ್ಞಾನಗಳು ಶಾಲೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ನುಂಗಬಾರದು ಎಂಬುದು ಅದು. ಡೀಕಿನ್ ವಿಶ್ವವಿದ್ಯಾಲಯ ಮತ್ತು ಬ್ಯಾಚಲರ್ ಕಾಲೇಜುಗಳು ಜೊತೆಗೂಡಿ, ಊರು ಬಿಡದೆ ಪದವಿ ಪಡೆಯುವ ಕೋರ್ಸನ್ನು ಇಲ್ಲಿನ ಶಿಕ್ಷಕರಿಗಾಗಿ ನಡೆಸಿದವು. ಆ ಪ್ರದೇಶದ ಮೂಲನಿವಾಸಿಗಳಲ್ಲಿ ಮೊದಲು ವಿಶ್ವವಿದ್ಯಾಲಯದ ಪದವಿ ಪಡೆದ ಮಂದಾವುಯ್ ಯುನುಪಿಂಗು 1990ರಲ್ಲಿ ಯಿರ್ಕಾಲ ಶಾಲೆಯ ಮುಖ್ಯೋಪಾಧ್ಯಾಯರಾದರು. ಯೋತು ಯಿಂದಿ ಸಂಗೀತ ತಂಡದ ಹಾಡುಗಾರರೆಂದೇ ಅವರನ್ನು ಹೊರಗಿನ ಜಗತ್ತು ಬಲ್ಲದು. 2008ರಲ್ಲಿ ಯಿರ್ಕಾಲ ಇರುವ ಪ್ರಾಂತ್ಯದ ಸರ್ಕಾರ ಶಾಲೆಯ ಮೊದಲ ನಾಲ್ಕು ಗಂಟೆ ಇಂಗ್ಲಿಷೇ ಇರಬೇಕೆಂದು ಆದೇಶಿಸಿ ದ್ವಿಭಾಷಾ ಶಾಲೆಗಳ ಬುಡಕ್ಕೆ ಪೆಟ್ಟು ಕೊಟ್ಟಿತು.

ನಾರ್ವೆಯ ಕೌಟೊಕೇನೊದಲ್ಲಿ 1989ರಲ್ಲಿ ಸ್ಥಾಪನೆಯಾದ ಸಾಮಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಪಾಠವೂ ಆಡಳಿತವೂ ಸಾಮಿಯಲ್ಲೇ ನಡೆಯುತ್ತವೆ. ಹಿಮಸಾರಂಗ ಸಾಕಣೆ ಮತ್ತು ಸಾಂಪ್ರದಾಯಿಕ ಕರಕುಶಲಗಳಿಗೂ ಅಲ್ಲಿ ಅಧ್ಯಯನದ ಸ್ಥಾನವಿದೆ. ಗಡಿಯಾಚೆ ಫಿನ್‌ಲೆಂಡಿನ ಇನಾರಿಯಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿತ್ತು. ಇನಾರಿ ಸಾಮಿ ಆಡುವವರು ಕೆಲವು ನೂರು ಜನ ಮಾತ್ರ, ಅವರಲ್ಲಿ ಬಹುಪಾಲು ಮುದುಕರು. 1997ರಲ್ಲಿ ಮಾವೊರಿ ಮಾದರಿಯ ಶಿಶುವಿಹಾರ ಶುರುವಾದ ಮೇಲೆ ಮಕ್ಕಳಿಗೂ ಭಾಷೆ ಬಂತು. ನಡುವಿನ ತಲೆಮಾರು ಮಾತ್ರ ಖಾಲಿಯಾಗಿಯೇ ಉಳಿಯಿತು. ಇನಾರಿ ಸಾಮಿ ಭಾಷಾತಜ್ಞೆ ಮರ್ಯಾ-ಲೀಸಾ ಒಲ್ತುಯಿಸ್ 2009–10ರಲ್ಲಿ ಒಂದು ವರ್ಷದ ತರಬೇತಿ ಏರ್ಪಡಿಸಿ 17 ಮಂದಿ ವಯಸ್ಕರನ್ನು ಆರಿಸಿಕೊಂಡರು. ತರಗತಿಯ ಪಾಠದ ಜೊತೆಗೆ ಪ್ರತಿಯೊಬ್ಬರೂ ಹಿರಿಯರ ಮನೆಗೆ ಹೋಗಿ ಮೀನು ಹಿಡಿಯುತ್ತಾ, ಅಡುಗೆ ಮಾಡುತ್ತಾ ಮಾತು ಕಲಿತರು. ಗುರು ಮತ್ತು ಶಿಷ್ಯ ಜೋಡಿಯಾಗಿ ಕಲಿಯುವ ಈ ಕ್ರಮವನ್ನು ಅವರು ತಂದದ್ದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಿಂದ. ಒಂದು ಭಾಷೆಗೆ ಹದಿನೇಳು ಜನ ಸಾಕೇ ಎಂದರೆ, ಅಷ್ಟು ಚಿಕ್ಕ ಸಮುದಾಯದಲ್ಲಿ ಸಾಕು.

ಹವಾಯಿಯ ಹಿಲೊ ನಗರದ ವಿಶ್ವವಿದ್ಯಾಲಯ 1990ರ ದಶಕದ ಕೊನೆಗೆ ತೆರೆದ ಶಿಕ್ಷಕ ತರಬೇತಿಗೆ ಸೇರಬೇಕಾದರೆ ಹವಾಯಿ ಭಾಷೆ ಮೊದಲೇ ಚೆನ್ನಾಗಿ ಬರಬೇಕು. ಕಠಿಣವೆನಿಸಿದರೂ ಈ ಷರತ್ತು ಕೋರ್ಸಿನ ಹೊತ್ತನ್ನು ಬೋಧನೆಗೇ ಉಳಿಸಿಕೊಡುತ್ತದೆ.

ದಕ್ಷಿಣ ಅಮೆರಿಕದ ಚರಿತ್ರೆ ಇದಕ್ಕಿಂತ ಹಳೆಯದು. ಬೊಲಿವಿಯಾದ ವರಿಸಾಟದಲ್ಲಿ 1931ರಲ್ಲಿ ಐಮಾರ ಮುಖಂಡ ಅವೆಲಿನೊ ಸಿಞಾನಿ ಮತ್ತು ಶಿಕ್ಷಕ ಎಲಿಸಾರ್ದೊ ಪೆರೆಸ್ ಕಟ್ಟಿದ ಶಾಲೆ ಹೊಲ, ಕಾರ್ಖಾನೆ, ಶಿಕ್ಷಕ ತರಬೇತಿ ಎಲ್ಲವನ್ನೂ ಒಳಗೊಂಡಿತ್ತು. ಜಮೀನ್ದಾರರ ವಿರೋಧಕ್ಕೆ ಸಿಲುಕಿ ಅದು ನಂದಿತು. 2010ರ ಬೊಲಿವಿಯಾದ ಶಿಕ್ಷಣ ಕಾಯಿದೆಗೆ ಇವರಿಬ್ಬರ ಹೆಸರನ್ನೇ ಇಟ್ಟಿದ್ದಾರೆ. ಪೆರುವಿನ ಅಮೆಜಾನ್ ಕಾಡಿನಲ್ಲಿ ಬುಡಕಟ್ಟಿನ ಶಿಕ್ಷಕರನ್ನು ತಯಾರು ಮಾಡುವ ಕೆಲಸ 1950ರ ದಶಕದಲ್ಲಿ ಕ್ರೈಸ್ತ ಭಾಷಾತಜ್ಞರ ಸಂಸ್ಥೆಯೊಂದರ ಕೈಯಲ್ಲಿತ್ತು. ಅಲ್ಲಿ ಓದುಬರಹದ ಜೊತೆ ಧರ್ಮಪ್ರಚಾರವೂ ಬಂತು. 1988ರಲ್ಲಿ ಅಮೆಜಾನ್ ಮೂಲನಿವಾಸಿಗಳ ಒಕ್ಕೂಟವೇ ಇಕಿಟೋಸ್‌ನಲ್ಲಿ ‘ಫೊರ್ಮಬಿಯಾಪ್’ ಕಾರ್ಯಕ್ರಮಕ್ಕೆ ಕೈಹಾಕಿತು. ವಿದ್ಯಾರ್ಥಿಗಳು ಕೆಲವು ತಿಂಗಳು ಕೇಂದ್ರದಲ್ಲಿ, ಕೆಲವು ತಿಂಗಳು ತಮ್ಮ ಊರಿನಲ್ಲಿ. ಬುಡಕಟ್ಟಿನ ಜ್ಞಾನಿಗಳು ಇಲ್ಲಿ ಪಾಠ ಹೇಳುವ ಗುರುಗಳೇ, ಅತಿಥಿಗಳಲ್ಲ.

ದೇಶಗಳ ನಡುವಣ ಸಂಪರ್ಕ

1987ರಲ್ಲಿ ವ್ಯಾಂಕೂವರಿನಲ್ಲಿ ಮೂಲನಿವಾಸಿ ಶಿಕ್ಷಣದ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅದಕ್ಕೆ ಓಡಾಡಿದವರಲ್ಲಿ ಕರ್ಕ್‌ನೆಸ್ ಪ್ರಮುಖರು. 2002ರಲ್ಲಿ ಕೆನಡಾದ ಕನಾನಾಸ್ಕಿಸ್‌ನಲ್ಲಿ ಹುಟ್ಟಿದ ಮೂಲನಿವಾಸಿ ಉನ್ನತ ಶಿಕ್ಷಣ ಸಂಸ್ಥೆಗಳ ಒಕ್ಕೂಟ ತಮ್ಮ ಕೋರ್ಸುಗಳಿಗೆ ತಾವೇ ಮಾನ್ಯತೆ ಕೊಡುವ ವ್ಯವಸ್ಥೆ ರೂಪಿಸಿಕೊಂಡಿದೆ. ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 14ನೆಯ ವಿಧಿ ತಮ್ಮ ಭಾಷೆಯಲ್ಲಿ ತಮ್ಮದೇ ಶಿಕ್ಷಣ ವ್ಯವಸ್ಥೆ ನಡೆಸುವ ಹಕ್ಕನ್ನು ಹೇಳುತ್ತದೆ. ಅಂದು ವಿರುದ್ಧ ಮತ ಹಾಕಿದ ನಾಲ್ಕು ದೇಶಗಳು ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ಈ ಲೇಖನದ ಬಹುಪಾಲು ಉದಾಹರಣೆಗಳು ಬಂದದ್ದು ಆ ದೇಶಗಳಿಂದಲೇ ಎಂಬುದು ತಮಾಷೆಯಲ್ಲ, ಒತ್ತಡ ಎಲ್ಲಿ ಹೆಚ್ಚಿತ್ತು ಎಂಬುದರ ಗುರುತು. ನಾಲ್ಕೂ ಆಮೇಲೆ ನಿಲುವು ಬದಲಿಸಿದವು.

ವಿದೇಶಿ ವಿದ್ಯಾರ್ಥಿ ಶಿಕ್ಷಕರು ಮೂಲನಿವಾಸಿ ಊರಿನಲ್ಲಿ ಕೆಲವು ವಾರ ಇದ್ದು ಹೋಗುವ ಪ್ರಾಯೋಗಿಕ ಪಾಠಗಳೂ ಈಗ ಅನೇಕ ವಿಶ್ವವಿದ್ಯಾಲಯಗಳ ಜಾಹೀರಾತಿನಲ್ಲಿವೆ. ಬಂದವರಿಗೆ ಇದು ಲಾಭವೇ. ವರ್ಷಕ್ಕೊಂದು ಹೊಸ ತಂಡಕ್ಕೆ ಆತಿಥ್ಯ ಮಾಡುವ ಶಾಲೆಗೆ ಏನು ಸಿಕ್ಕಿತೆಂದು ಕೇಳುವವರು ಕಡಿಮೆ.

ಭಾರತ ಮತ್ತು ಕರ್ನಾಟಕ

ಭಾರತ ವಿಶ್ವಸಂಸ್ಥೆಯ ಘೋಷಣೆಯ ಪರ ಮತ ಹಾಕಿತು, ಆದರೆ ದೇಶದವರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವಿನೊಂದಿಗೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ರಾಜ್ಯಗಳಿಗೆ ಹೇಳುತ್ತದೆ. ಇದನ್ನು ಗಂಭೀರವಾಗಿ ತೆಗೆದುಕೊಂಡ ರಾಜ್ಯ ಒಡಿಶಾ. 2007ರಲ್ಲಿ ಸವರ, ಕುಯಿ, ಕೋಯ, ಬೊಂಡ, ಸಂತಾಲಿ ಸೇರಿ ಹತ್ತು ಭಾಷೆಗಳಲ್ಲಿ ಒಂದನೆಯ ತರಗತಿಯ ಪಾಠ ಶುರುಮಾಡಿ, ಆ ಭಾಷೆ ಬಲ್ಲವರನ್ನೇ ಶಿಕ್ಷಕರಾಗಿ ನೇಮಿಸತೊಡಗಿತು. ಬುಡಕಟ್ಟು ಭಾಷೆಗಳಿಗೆ ದ್ವಿಭಾಷಾ ಪಠ್ಯ ತಯಾರಿಸುವ ಕೆಲಸಕ್ಕೆ ಬುನಾದಿ ಹಾಕಿದ್ದು ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ. ಅದರ ಸ್ಥಾಪಕ ನಿರ್ದೇಶಕ ಡಿ.ಪಿ. ಪಟ್ಟನಾಯಕ್ ಸ್ವತಃ ಒಡಿಶಾದವರು.

ಇದಕ್ಕೆ ತದ್ವಿರುದ್ಧವಾದ ದಾರಿಯೂ ನಮ್ಮಲ್ಲಿದೆ. ಬುಡಕಟ್ಟು ಮಕ್ಕಳ 740 ಏಕಲವ್ಯ ಮಾದರಿ ವಸತಿಶಾಲೆಗಳಿಗೆ 38,800 ಶಿಕ್ಷಕರು ಮತ್ತು ಸಿಬ್ಬಂದಿಯನ್ನು ನೇಮಿಸುವುದಾಗಿ 2023ರ ಕೇಂದ್ರ ಬಜೆಟ್ ಪ್ರಕಟಿಸಿತು. ನೇಮಕಾತಿ ದೆಹಲಿಯಿಂದ, ಒಂದೇ ಪರೀಕ್ಷೆಯ ಮೂಲಕ. ಭಾಷಾ ಪರೀಕ್ಷೆಯಲ್ಲಿ ಹಿಂದಿಯೂ ಸೇರಿತು. ಮಗುವಿನ ಮನೆಮಾತು ಇರಲಿ, ರಾಜ್ಯದ ಭಾಷೆಯೂ ಬಾರದ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಬಂದು ವರ್ಗಾವಣೆ ಕೇಳತೊಡಗಿದ ಸುದ್ದಿ ಬೇಗನೆ ಪತ್ರಿಕೆಗಳಲ್ಲಿ ಬಂತು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 42 ಲಕ್ಷಕ್ಕೂ ಮೀರಿ ಪರಿಶಿಷ್ಟ ಪಂಗಡದವರಿದ್ದಾರೆ. ಜೇನುಕುರುಬರು ಮತ್ತು ಕೊರಗರು ಇವರಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳು. ಬಿಳಿಗಿರಿರಂಗನಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಮಕ್ಕಳಿಗೆ ಪೋಡುಗಳೆಂಬ ಅವರ ಊರುಗಳ ನಡುವೆಯೇ ಶಾಲೆ ತೆರೆಯಿತು. ಬುಡಕಟ್ಟು ಜನರ ಹಾಡಿಗಳು ಹೆಚ್ಚಿರುವ ಹೆಗ್ಗಡದೇವನಕೋಟೆ ತಾಲೂಕಿನಲ್ಲೇ 1995ರಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿತು. ಅದನ್ನು ಕಟ್ಟಿದವರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿಬಂದ ಸರ್ಕಾರಿ ಮೇಷ್ಟರು. ಅಲ್ಲಿಂದ ಮುಂದೆ ಅದು ರಾಜ್ಯಕ್ಕೆಲ್ಲ ಹರಡಿದರೂ ಹಾಡಿಯ ಹುಡುಗಿ ಶಿಕ್ಷಕಿಯಾಗುವ ದಾರಿಯನ್ನು ಅದು ತೆರೆಯಲಿಲ್ಲ. ಅದರ ಉದ್ದೇಶವೂ ಅದಾಗಿರಲಿಲ್ಲ.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಹಕಾರದಿಂದ ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಎಡ್. ನಡೆಸಲು ಹುಟ್ಟಿದ ಕಾಲೇಜು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ಅದೇ ನಾಲ್ಕು ವರ್ಷದ ಕೋರ್ಸನ್ನು ದೇಶದ ಎಲ್ಲ ಶಿಕ್ಷಕರಿಗೂ ಕನಿಷ್ಠ ಅರ್ಹತೆಯನ್ನಾಗಿಸಲು ಹೊರಟಿದೆ. ನಾಲ್ಕು ವರ್ಷ ದೊಡ್ಡ ಊರಿನಲ್ಲಿ ಇರಬೇಕಾದ ಕೋರ್ಸಿಗೆ ಜೇನುಕುರುಬ, ಸೋಲಿಗ ಅಥವಾ ಕೊರಗ ಹೆಣ್ಣುಮಕ್ಕಳು ಎಷ್ಟು ಜನ ಸೇರುತ್ತಾರೆಂದು ಊಹಿಸುವುದು ಕಷ್ಟವಲ್ಲ. ನೈಟೆಪ್‌ನಂತೆ ಇಲ್ಲೂ ಮೊದಲ ಎರಡು ವರ್ಷಗಳ ಪಾಠವನ್ನು ಹೆಗ್ಗಡದೇವನಕೋಟೆ, ಯಳಂದೂರು, ವಿರಾಜಪೇಟೆಯಂಥ ಊರುಗಳ ಸರ್ಕಾರಿ ಕಾಲೇಜಿನಲ್ಲೇ ನಡೆಸಬಹುದು. ಹೊಸ ಕಟ್ಟಡ ಬೇಡ. ಒಬ್ಬ ಸಂಯೋಜಕರು, ಗೌರವಧನ ಪಡೆಯುವ ನಾಲ್ಕಾರು ಹಿರಿಯರು, ಸುತ್ತಲಿನ ಆಶ್ರಮ ಶಾಲೆಗಳಲ್ಲಿ ಪ್ರಾಯೋಗಿಕ ಪಾಠಕ್ಕೆ ಅವಕಾಶ, ಇಷ್ಟು ಸಾಕು. ರಾಜ್ಯದ ಶಿಕ್ಷಣ ಇಲಾಖೆ ಮತ್ತು ವಿಶ್ವವಿದ್ಯಾಲಯಗಳು 2030ಕ್ಕೆ ಮುಂಚೆ ಇದನ್ನು ಒಂದು ತಾಲೂಕಿನಲ್ಲಾದರೂ ಆರಂಭಿಸಬೇಕು.